ನಿಮ್ಮ ಮನೆ ಎಲ್ಲಿ ಆಯ್ತು?

ಗೆದ್ದೆ ಮಾರಾಯ್ರೆ! ಆನ್‌ಲೈನ್ ಆಟಗಳಲ್ಲಿ ಬೈಗುಳ ಕಡಿಮೆ ಮಾಡುವುದು ಹೇಗೆ ಎಂಬುದು ನನ್ನ ಪಿಎಚ್‌ಡಿ ವಿಷಯ ಎಂದು ನಿಮಗೆಲ್ಲ ಗೊತ್ತು. ಇಂದು ಪುತ್ತೂರಿನ ಮನೆಯಿಂದಲೇ ಪ್ರಯೋಗ. ಗೈಡ್ ಸರ್ ವಿಡಿಯೋ ಕರೆಯಲ್ಲಿ ನೋಡುತ್ತಿದ್ದರು.

ಎರಡೇ ನಿಮಿಷಕ್ಕೆ ನನ್ನದೇ ತಂಡದವನೊಬ್ಬ ಮೈಕಿನಲ್ಲಿ ತುಳುವಿನಲ್ಲಿ ನನ್ನ ಜನ್ಮ ಜಾಲಾಡಿದ. ‘ದಯವಿಟ್ಟು ಸಭ್ಯವಾಗಿ ಮಾತಾಡಿ’ ಎಂದು ನಾನು ರೂಪಿಸಿದ ಎಚ್ಚರಿಕೆ ತೆರೆಯ ಮೇಲೆ ಬಂತು. ಅವನು ಅದಕ್ಕೂ ಬೈದ.

ಪಕ್ಕದಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದ ಅಮ್ಮ ಮೈಕಿಗೆ ಬಾಗಿದರು. “ನಿಮ್ಮ ಮನೆ ಎಲ್ಲಿ ಆಯ್ತು?”

ಬೈಗುಳ ನಿಂತಿತು. “ರಾಮಕುಂಜ.”

“ರಾಮಕುಂಜದಲ್ಲಿ ಯಾರ ಮನೆ?”

“ಅಕ್ಕಾ, ತಪ್ಪಾಯ್ತು. ಮನೆಯಲ್ಲಿ ಹೇಳ್ಬೇಡಿ.” ಆಟ ಮುಗಿಯುವವರೆಗೂ ಅವನು ನನ್ನನ್ನು ಬಹುವಚನದಲ್ಲೇ ಮಾತಾಡಿಸಿದ.

ಸರ್ ಮಾತ್ರ ಎಂದಿನಂತೆ ಗದರಿದರು. “ಇದೆಂತ ಸಂಶೋಧನೆಯಾ? ತಲೆ ಉಂಟಾ ನಿಮಗೆ?”

ಅಮ್ಮ ಲ್ಯಾಪ್‌ಟಾಪಿನತ್ತ ತಿರುಗಿದರು. “ಸರ್, ನಿಮ್ಮ ಮನೆ ಎಲ್ಲಿ ಆಯ್ತು?”

“ಸಂಪಾಜೆ.”

“ಸಂಪಾಜೆಯಲ್ಲಿ ಯಾರ ಮನೆ?”

ಸರ್ ಮಾತನ್ನು ನನ್ನತ್ತ ತಿರುಗಿಸಿದರು. “ಅಧ್ಯಾಯ ಬರೆದು ಕಳಿಸಿ, ನೋಡುವ.” ನಾಲ್ಕು ವರ್ಷದಲ್ಲಿ ಅವರು ನನ್ನೊಂದಿಗೆ ಇಷ್ಟು ಮೆತ್ತಗೆ ಮಾತಾಡಿದ್ದು ಇದೇ ಮೊದಲು.

ಒಂದೇ ದಿನ ಎರಡು ಪ್ರಯೋಗ. ಎರಡೂ ಯಶಸ್ವಿ.