ಬಾಣಂತಿ ಕೋಣೆಯ ಕೆಂಡ

ಕಳೆದ ಜನವರಿಯ ಮಾತು. ನಮ್ಮ ಮಗ ಹುಟ್ಟಿ ಹತ್ತೊಂಬತ್ತು ದಿನವಾಗಿತ್ತು. ಹೆಂಡತಿಯ ಬಾಣಂತನಕ್ಕೆಂದು ಅತ್ತೆ ಬಾಗಲಕೋಟೆಯಿಂದ ಮಿಷಿಗನ್ನಿನ ಕ್ಯಾಂಟನ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಹೊರಗೆ ಎಂಟು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್‌ನಲ್ಲಿ ಸೊನ್ನೆಗಿಂತ ಹದಿಮೂರು ಡಿಗ್ರಿ ಕೆಳಗೆ. ಅಂಥ ದಿನ ಮನೆಯನ್ನು ಬೆಚ್ಚಗಿಡುವ ನಮ್ಮ ಫರ್ನೇಸ್ ಕೈಕೊಟ್ಟಿತು.

ಬೇಸ್‌ಮೆಂಟಿಗೆ ಇಳಿದು ನೋಡಿದೆ. ಒಳಗೆ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಆದರೆ ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುವ ಬ್ಲೋವರ್ ಬರೀ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಎರಡು ನಿಮಿಷಕ್ಕೆ ಕಾವು ಮಿತಿಮೀರಿ ಫರ್ನೇಸ್ ತಾನೇ ಆರಿಹೋಗುತ್ತಿತ್ತು. ಫಿಲ್ಟರ್ ಬದಲಿಸಿದೆ, ಬ್ರೇಕರ್ ಆಫ್ ಮಾಡಿ ಆನ್ ಮಾಡಿದೆ. ಪ್ರಯೋಜನವಾಗಲಿಲ್ಲ. ಸಂಜೆ ಬಂದ ಮೆಕ್ಯಾನಿಕ್ ಡೇವ್, ಅರವತ್ತು ದಾಟಿದವರು, ಮೀಟರ್ ಹಿಡಿದು ನೋಡಿ ಕೆಪ್ಯಾಸಿಟರ್ ಬದಲಿಸಿದರು. ಆಗಲೂ ತಿರುಗಲಿಲ್ಲ. ಮೋಟಾರೇ ಹೋಗಿದೆ, ಹೊಸದು ನಾಳೆ ಬರುತ್ತದೆ, ಅಲ್ಲಿಯವರೆಗೆ ಆನ್ ಮಾಡಬೇಡಿ ಎಂದರು. ಹೋಗುವಾಗ ಮಗುವಿನ ಅಳು ಕೇಳಿ, "ಎಷ್ಟು ದಿನದ್ದು?" ಎಂದು ವಿಚಾರಿಸಿದರು.

"ಅಮೇರಿಕಾದಾಗ ಒಲಿಗೂ ಆರ್ಡರ್ ಕೊಟ್ಟು ಕಾಯಬೇಕೇನ್ರಿ?" ಎಂದರು ಅತ್ತೆ.

ಮನೆಯಲ್ಲಿ ಹೀಟರ್ ಒಂದೇ ಇತ್ತು. ಅಂಗಡಿಗಳಲ್ಲಿ ಖಾಲಿಯಾಗಿದ್ದವು. ಫಾರ್ಮಿಂಗ್ಟನ್ ಹಿಲ್ಸ್‌ನ ಗೆಳೆಯ, "ಎಲ್ರೂ ಇಲ್ಲಿಗೇ ಬಂದ್ಬಿಡ್ರೋ" ಎಂದು ಕರೆದ. ಅತ್ತೆ ಒಪ್ಪಲಿಲ್ಲ. "ಹಸಿ ಬಾಣಂತೀನ ಈ ಥಂಡ್ಯಾಗ ಹೊಸ್ತಿಲಾ ದಾಟಸೂದೇನು? ಆಗೂದಿಲ್ರಿ."

ಬೆಳಿಗ್ಗೆ ಮನೆಯೊಳಗೆ ನಲವತ್ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ ಬರೀ ಒಂಬತ್ತು. ಮಗುವಿನ ಪಾದ ತಣ್ಣಗಿತ್ತು. ಗರಾಜಿನಲ್ಲಿ ಬಾರ್ಬೆಕ್ಯೂ ಇದ್ದಿಲಿನ ಚೀಲವಿರುವುದನ್ನು ಅತ್ತೆ ನೋಡಿದ್ದರು. "ನಮ್ಮ ಕಡೆ ಬಾಣಂತಿ ಖೋಲ್ಯಾಗ ಅಗ್ಗಿಷ್ಟಿಗಿ ಆರೂದ ಇಲ್ರಿ" ಎಂದರು.

"ಹೊಗೆ ಆಗಲ್ವಾ ಅತ್ತೆ?"

"ಹೊರಗ ಹೊತ್ತಿಸಿ, ಹೊಗಿ ಹೋದಮ್ಯಾಲ ಒಳಗ ತರೂದು. ಕೆಂಡಕ್ಕ ಹೊಗಿ ಎಲ್ಲಿರತೈತಿ?"

ನನಗೂ ಸರಿಯೆನಿಸಿತು. ಮನೆ ಹಿಂದಿನ ಡೆಕ್ ಮೇಲೆ ಹೊತ್ತಿಸಿ, ನಿಗಿನಿಗಿಯಾದ ಮೇಲೆ ಕಬ್ಬಿಣದ ಬಾಣಲೆಯಲ್ಲಿ ತಂದು, ಹೆಂಡತಿ, ಮಗು, ಅತ್ತೆ ಮೂವರೂ ಇದ್ದ ಮೇಲಿನ ಕೋಣೆಯಲ್ಲಿಟ್ಟೆ. ಕಾವು ಹೊರಹೋಗದಿರಲೆಂದು ಬಾಗಿಲ ಸಂದಿಗೆ ಟವೆಲ್ ಒತ್ತಿದೆ. ಅದೇ ಬಾಗಿಲ ಹೊರಗೆ ಒಂದು ಅಲಾರಂ ಇರಬೇಕಿತ್ತು, ಹೊಗೆಗೂ ವಿಷಗಾಳಿಗೂ ಕೂಗುವಂಥದ್ದು. ಒಣಮೆಣಸಿನಕಾಯಿ ಒಗ್ಗರಣೆಗೆಲ್ಲ ಕಿರುಚಿ ಮಗುವನ್ನು ಎಬ್ಬಿಸುತ್ತದೆಂದು ವಾರದ ಹಿಂದೆ ನಾನೇ ಬಿಚ್ಚಿ ಡ್ರಾಯರ್‌ನಲ್ಲಿಟ್ಟಿದ್ದೆ.

ಕೆಳಗೆ ಬಂದು ಆಫೀಸಿನ ಕೆಲಸಕ್ಕೆ ಕೂತೆ. ಸುಮಾರು ಮುಕ್ಕಾಲು ಗಂಟೆಯಾಗಿರಬೇಕು, ಬೆಲ್ ಆಯಿತು. ಬಾಗಿಲಲ್ಲಿ ಡೇವ್, ಎರಡು ಕೈಯಲ್ಲಿ ಎರಡು ಹೀಟರ್. ಮೋಟಾರ್ ಬರುವುದು ಇನ್ನೊಂದು ದಿನ ತಡವಂತೆ. ಫೋನಿನಲ್ಲಿ ತಿಳಿಸಬಹುದಿತ್ತು, ಮಗು ನೆನಪಾಗಿ ತಮ್ಮ ಮನೆಯ ಹೀಟರ್‌ಗಳನ್ನೇ ತಂದಿದ್ದರು.

ಹೀಟರ್ ಇಡಲು ಅವರನ್ನು ಮೇಲೆ ಕರೆದೊಯ್ದು ನಾನು ಕೋಣೆಯ ಬಾಗಿಲು ತೆರೆದದ್ದೇ ತಡ, ಅವರ ಸೊಂಟದ ಬೆಲ್ಟಿಗಿದ್ದ, ವಿಷಗಾಳಿ ಪತ್ತೆಹಚ್ಚುವ ಪುಟ್ಟ ಯಂತ್ರ ಕಿರುಚತೊಡಗಿತು. ಅವರು ಬಾಣಲೆಯನ್ನು ನೋಡಿದರು. "ಔಟ್. ಎವ್ರಿಬಡಿ ಔಟ್, ನೌ."

ಅತ್ತೆ ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಮಗು ಅವರ ಮಡಿಲಲ್ಲಿತ್ತು, ಅಳುತ್ತಿರಲಿಲ್ಲ. ಡೇವ್ ಮಗುವನ್ನು ತಮ್ಮ ಜಾಕೆಟ್‌ನೊಳಗೆ ಸುತ್ತಿಕೊಂಡು ಇಳಿದರು. ನಾನು ಹೆಂಡತಿಯನ್ನು ಎಬ್ಬಿಸಿದೆ. ಮೂರನೇ ಸಲ ಕೂಗಿದಾಗ ಕಣ್ಣುಬಿಟ್ಟು, "ತಲಿ ಭಾಳ ನೋಯ್ತೈತಿ" ಎಂದಳು. ಅವಳನ್ನು ಹೊರಗೆ ಬಿಟ್ಟು ಬರುವಷ್ಟರಲ್ಲಿ ಅತ್ತೆ ತಾವೇ ಎದ್ದು ಬಂದು ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಅವರನ್ನು ಬಹುತೇಕ ಎತ್ತಿಕೊಂಡೇ ಇಳಿಸಿದೆ. ಎಲ್ಲರೂ ಡೇವ್ ಅವರ ಬೆಚ್ಚಗಿನ ವ್ಯಾನಿನಲ್ಲಿ ಕೂತೆವು. ಅವರು ಆಗಲೇ ತುರ್ತು ಸಹಾಯಕ್ಕೆ ಫೋನ್ ಮಾಡಿದ್ದರು. ಅತ್ತೆ ಕೇಳಿದ್ದು ಒಂದೇ ಮಾತು: "ಕೂಸು ಉಸರಾಡಾಕತ್ತೈತೇನ್ರಿ?"

ಉಸಿರಾಡುತ್ತಿತ್ತು. ತುಸು ಹೊತ್ತಿಗೆ ಅತ್ತಿತು. ಆ ಅಳು ಕೇಳಿ ಡೇವ್ ಸ್ಟಿಯರಿಂಗ್ ಮೇಲೆ ತಲೆಯಿಟ್ಟುಕೊಂಡರು.

ಹೊಗೆಯಿಲ್ಲದ ಕೆಂಡದಿಂದಲೂ ಬಣ್ಣ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಹೊಮ್ಮುತ್ತದಂತೆ; ಆಸ್ಪತ್ರೆಯಲ್ಲಿ ಮೂವರಿಗೂ ಆಕ್ಸಿಜನ್ ಕೊಟ್ಟರು. ಮರುದಿನ ಮನೆಗೆ ಕಳಿಸಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಮೂವರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರ್.

ಆಮೇಲೆ ನಾಲ್ಕು ದಿನ ಅತ್ತೆ ಮಗುವನ್ನು ಎತ್ತಿಕೊಳ್ಳಲಿಲ್ಲ. ನಾನೇ ತಂದು ಮಡಿಲಲ್ಲಿಟ್ಟರೂ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಐದನೆಯ ದಿನ ಅವರು ಊರಿಗೆ ಫೋನ್ ಮಾಡಿ ಮಾತಾಡುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಎಲ್ಲಾ ನಂದ ತಪ್ಪವ್ವಾ. ಅಳಿಯಂದ್ರು ಬ್ಯಾಡ ಬ್ಯಾಡ ಅಂದ್ರು, ನಾನ ಕೇಳ್ಲಿಲ್ಲ."

ನಾನು ಬೇಡ ಎಂದಿರಲಿಲ್ಲ. ಕೆಂಡ ಮಾಡಿದವನು ನಾನು, ಬಾಗಿಲ ಸಂದಿ ಮುಚ್ಚಿದವನೂ ನಾನು. ಆ ಗಳಿಗೆಯಲ್ಲಿ ಒಳಗೆ ಹೋಗಿ ಫೋನು ತೆಗೆದುಕೊಂಡು ಹಾಗೆ ಹೇಳಬೇಕಿತ್ತು. ಹೇಳಲಾಗದೆ ಬಾಗಿಲ ಬಳಿ ನಿಂತುಬಿಟ್ಟೆ. ಊರಿನವರು ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ.