ಎತ್ತಿ ಹುಯ್ಯಲಾಗದ ದೋಣಿ

ಬೇಸಿಗೆಯಲ್ಲಿ ಹಾಯಿದೋಣಿಗೆ ಏನೇನು ಕುಡಿಯಲು ತುಂಬಿಸಬೇಕೆಂದು ತೀರ್ಮಾನಿಸುವುದು ನನ್ನ ಕೆಲಸ. ಊರಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ನಮ್ಮ ಕೇರಿಯ ಹಿರಿಯರೊಬ್ಬರು, "ಶರಬತ್ತು ಕಲ್ಸಾಕೆ ಬಿಎಸ್ಸಿ ಓದ್ಬೇಕಿತ್ತೇನವ್ವಾ?" ಎಂದು ಕೇಳಿದ್ದರು. ಓದಿದ್ದಕ್ಕೇ ಆ ಕೆಲಸ ಸಿಕ್ಕಿದ್ದು ಅಂದೆ. ಅವರು ಒಪ್ಪಲಿಲ್ಲ.

ಒಪ್ಪದಿದ್ದರೆ ಬಿಡಲಿ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಿಲ್ಲ. ನಾನು ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿದೆ. ದಸರಾ ರಜೆಯಲ್ಲಿ ಶೇಂಗಾ ಕೀಳಲು ಹೋದೆ, ಬೇಸಿಗೆ ರಜೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿದೆ. ಪರೀಕ್ಷೆಯ ಹೊತ್ತಿಗೆ ಬೆರಳ ಸಂದಿನಲ್ಲೆಲ್ಲ ಹುಣ್ಣು. ಆ ಪದವಿಯನ್ನು ಯಾರೂ ನನಗೆ ದಾನ ಮಾಡಿದ್ದಲ್ಲ.

ಆಮೇಲೆ ಕಾರವಾರದ ಕಡೆ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿಗೆ ಬರುತ್ತಿದ್ದ ಗಂಡ ಹೆಂಡತಿ ಇಬ್ಬರಿಗೆ ಒಂದು ಹಾಯಿದೋಣಿ ಇತ್ತು. ಪ್ರವಾಸಿಗರನ್ನು ಬೆಳಿಗ್ಗೆ ಹತ್ತಿಸಿಕೊಂಡು ದ್ವೀಪ ಸುತ್ತಿಸಿ ಸಂಜೆಗೆ ಕರೆತರುವುದು ಅವರ ವ್ಯಾಪಾರ. ಸಾಹೇಬರು ದೋಣಿ ನಡೆಸುತ್ತಿದ್ದರು, ಮೇಡಂ ಉಳಿದದ್ದೆಲ್ಲ ನೋಡಿಕೊಳ್ಳುತ್ತಿದ್ದರು. ಊಟ, ನೀರಿನ ಜವಾಬ್ದಾರಿಗೆ ಓದಿದ ಹುಡುಗಿ ಬೇಕು ಎಂದು ನನ್ನನ್ನು ಕರೆದರು.

ದೋಣಿಯಲ್ಲಿ ಪಾನೀಯ ಆರಿಸುವುದು ಅಂಗಡಿಯಲ್ಲಿ ಆರಿಸಿದಂತಲ್ಲ. ಸುತ್ತ ಸಮುದ್ರ, ಕುಡಿಯಲು ಹನಿಯಿಲ್ಲ. ಏನು ಹೊತ್ತು ತಂದಿದ್ದೇವೋ ಅಷ್ಟೇ. ಐಸು ಮಧ್ಯಾಹ್ನದೊಳಗೆ ಕರಗಿ ಹೋಗುತ್ತದೆ. ಮಜ್ಜಿಗೆ ಅಷ್ಟು ಹೊತ್ತಿಗೆ ಹುಳಿ ಬಂದು, ಮೊದಲೇ ಹೊಟ್ಟೆ ತೊಳೆಸುತ್ತಿರುವವರನ್ನು ವಾಂತಿಗೆ ಹಚ್ಚುತ್ತದೆ. ಎಳನೀರು ಒಳ್ಳೆಯದು, ಆದರೆ ಕಾಯಿ ಉರುಳಾಡುತ್ತವೆ, ಬುರುಡೆ ಎಸೆಯಲು ಜಾಗವಿಲ್ಲ. ಗಾಜಿನ ಬಾಟಲಿ ಹತ್ತಿಸುವ ಹಾಗೇ ಇಲ್ಲ. ಬೀರು ತರುವವರು ತರುತ್ತಾರೆ, ನಾನು ಅದನ್ನು ನೀರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಬಾಯಾರಿಕೆ ಹೆಚ್ಚಿಸುವ ವಸ್ತು. ಕೊನೆಗೆ ಉಳಿದದ್ದು ಉಪ್ಪು ಹಾಕಿದ ನಿಂಬೆಹಣ್ಣಿನ ಪಾನಕ, ಶುಂಠಿ ಬೆಲ್ಲದ ನೀರು, ಕರಾವಳಿಯ ಕೋಕಂ ಹಣ್ಣಿನ ಕೆಂಪು ರಸ. ಇವುಗಳ ಜೊತೆಗೆ ನಾನು ಸೇರಿಸಿದ್ದು ನಮ್ಮೂರಿನದೊಂದು. ಸೊಗದೆ ಬೇರಿನ ಶರಬತ್ತು.

ನಮ್ಮೂರು ಮೊಳಕಾಲ್ಮೂರಿನ ಕಡೆ, ಆಂಧ್ರದ ಗಡಿಗೆ ಹತ್ತಿರ. ಅಲ್ಲಿ ಅರ್ಧ ಜನ ಅದನ್ನು ಸುಗಂಧಿ ಅನ್ನುತ್ತಾರೆ. ಅಶೋಕನ ಶಾಸನವಿರುವ ಬ್ರಹ್ಮಗಿರಿಯ ಆಚೆ ಗುಡ್ಡದ ಮಗ್ಗುಲಲ್ಲಿ, ಕಲ್ಲಿನ ಸಂದಿನಲ್ಲಿ ತೆಳ್ಳಗೆ ಹಬ್ಬಿರುವ ಬಳ್ಳಿ. ಅವ್ವ ಅದರ ಬೇರು ಅಗೆದು ತಂದು, ಜಜ್ಜಿ, ಒಳಗಿನ ಕಡ್ಡಿ ತೆಗೆದು ಸಿಪ್ಪೆ ಮಾತ್ರ ಉಳಿಸಿಕೊಂಡು, ರಾತ್ರಿ ನೆನೆಹಾಕಿ ಬೆಳಿಗ್ಗೆ ಸಕ್ಕರೆ ಹಾಕಿ ಕಾಯಿಸುತ್ತಾಳೆ. ಕಾಸಿದ್ದು ಐಸಿಲ್ಲದೆ ಬೇಸಿಗೆ ಪೂರ್ತಿ ಕೆಡುವುದಿಲ್ಲ. ಒಂದು ಚಮಚಕ್ಕೆ ಒಂದು ಲೋಟ ನೀರು, ಮೇಲೆ ನಿಂಬೆ. ದೋಣಿಗೆ ಇದಕ್ಕಿಂತ ತಕ್ಕದ್ದು ಇನ್ನೊಂದಿಲ್ಲ. ಮೇಡಂ ಒಂದು ಗುಟುಕು ಕುಡಿದು, ಮಣ್ಣಿನ ವಾಸನೆ ಬರುತ್ತೆ, ಎಷ್ಟು ಚೆನ್ನಾಗಿದೆ ಎಂದರು. ಅಲ್ಲಿಂದ ಪ್ರತಿ ಬೇಸಿಗೆಗೆ ಮೊದಲು ನಾನು ಊರಿಗೆ ಹೋಗಿ ಡಬ್ಬಿಗಳಲ್ಲಿ ಅದನ್ನು ತರುವುದು ರೂಢಿಯಾಯಿತು.

ಲೋಟಗಳದ್ದು ಬೇರೆ ಕತೆ. ದೋಣಿ ಅಲುಗುತ್ತದೆ, ಆದ್ದರಿಂದ ಹಿಡಿಯಿರುವ, ಮುಚ್ಚಳವಿರುವ ಸ್ಟೀಲ್ ಲೋಟಗಳು. ತೊಳೆಯಲು ಸಿಹಿನೀರು ಖರ್ಚು ಮಾಡಬಾರದು, ಆದ್ದರಿಂದ ಒಬ್ಬರಿಗೆ ಒಂದೇ ಲೋಟ, ಸಂಜೆಯವರೆಗೆ ಅದೇ. ಅದಲುಬದಲಾಗದಿರಲೆಂದು ಹಿಡಿಗೆ ಬಣ್ಣದ ದಾರ ಕಟ್ಟಿದೆ. ಅವ್ವ ಆಗ ಮೊಳಕಾಲ್ಮೂರಿನ ನೇಕಾರರ ಮನೆಯೊಂದರಲ್ಲಿ ನೂಲು ಸುತ್ತಲು ಹೋಗುತ್ತಿದ್ದಳು, ಅಲ್ಲಿ ಉಳಿದ ರೇಷ್ಮೆ ತುಂಡುಗಳನ್ನು ಕೇಳಿ ತಂದಿದ್ದಳು. ಕೆಂಪು, ಹಳದಿ, ಗಿಳಿಹಸಿರು.

ಮೊದಲ ದಿನ ದೋಣಿ ಹತ್ತಿದಾಗ ನನಗೆ ಒಂದು ವಿಷಯ ಹೊಳೆದಿತ್ತು. ಪ್ರವಾಸಿಗರೊಬ್ಬರು ಅಭ್ಯಾಸ ಬಲದಿಂದ ಬಾಟಲಿ ಎತ್ತಿ, ತುಟಿಗೆ ತಾಗಿಸದೆ ಬಾಯಿಗೆ ಹುಯ್ದುಕೊಳ್ಳಲು ಹೋದರು. ಗಾಳಿ ನೀರನ್ನೆಲ್ಲ ಹೊತ್ತುಕೊಂಡು ಹಿಂದೆ ಕೂತವರ ಮುಖಕ್ಕೆ ಎರಚಿತು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಾಯಿ ಬಿಚ್ಚಿದ ದೋಣಿಯಲ್ಲಿ ಯಾರೂ ಎತ್ತಿ ಹುಯ್ಯಲಾಗುವುದಿಲ್ಲ. ಎಂಥ ದೊಡ್ಡ ಮನುಷ್ಯನಾದರೂ ಲೋಟಕ್ಕೆ ತುಟಿ ಇಡಲೇಬೇಕು. ಹೀಗೊಂದು ಜಾಗ ಈ ಲೋಕದಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಯಾಕೆ ಹೀಗೆ ಹೇಳುತ್ತೇನೆಂದರೆ, ಅವ್ವ ಬೇರೆಯವರ ಮನೆಯ ನೀರನ್ನು ಬೊಗಸೆಯಲ್ಲಿ ಕುಡಿದವಳು. ನಾನು ಚಿಕ್ಕವಳಿದ್ದಾಗ ನಾವು ಒಂದು ದೊಡ್ಡ ಮನೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದೆವು. ನೀರು ಕೇಳಿದರೆ ಗೌಡ್ತಿ ಪಡಸಾಲೆಯ ಮೇಲೆ ನಿಂತು ತಂಬಿಗೆ ಎತ್ತಿ ಹಿಡಿಯುವಳು, ಅವ್ವ ಕೆಳಗೆ ಬಗ್ಗಿ ಎರಡೂ ಕೈ ಜೋಡಿಸುವಳು. ನೀರು ಮೊಣಕೈಗಿಳಿದು ರವಿಕೆ ನೆನೆಯುತ್ತಿತ್ತು. ಊರ ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟವಿತ್ತು, ಗುರುತಿಗೆ ಅದರ ಬುಡಕ್ಕೆ ಬಣ್ಣ ಬಳಿದಿದ್ದರು. ಈಗ ಯಾರೂ ಬಣ್ಣ ಬಳಿಯುವುದಿಲ್ಲ. ಕಾಗದದ ಕಪ್ಪು ಬಂದಿದೆ. ಕೆಲವರಿಗೆ ಗಾಜಿನ ಲೋಟ, ಕೆಲವರಿಗೆ ಕಾಗದದ ಕಪ್ಪು, ಯಾಕೆಂದು ಯಾರೂ ಕೇಳುವುದಿಲ್ಲ.

ನನಗೆ ಬೇಕಾಗಿದ್ದು ಒಂದೇ. ಅವ್ವ ಆ ದೋಣಿಯಲ್ಲಿ ಅವರೆಲ್ಲರ ನಡುವೆ ಕೂತು, ತಾನೇ ಅಗೆದ ಬೇರಿನ ಶರಬತ್ತನ್ನು ಲೋಟಕ್ಕೆ ತುಟಿ ಇಟ್ಟು ಕುಡಿಯಬೇಕು. ನನ್ನ ಡಿಗ್ರಿ ಸರ್ಟಿಫಿಕೇಟನ್ನು ನೋಡಿದರೆ ಅವ್ವನಿಗೆ ಏನೂ ತಿಳಿಯುವುದಿಲ್ಲ. ಇದು ತಿಳಿಯುತ್ತದೆ ಅಂದುಕೊಂಡಿದ್ದೆ.

ಹೋದ ಬೇಸಿಗೆ ಮೇಡಂ ಅವರನ್ನು ಕೇಳಿದೆ. ಖಂಡಿತ ಕರೆದುಕೊಂಡು ಬಾ ಎಂದರು, ನಿಜವಾದ ಸಂತೋಷದಿಂದಲೇ ಎಂದರು. ಅವ್ವ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಗುಡ್ಡ ಹತ್ತುವವಳಿಗೆ ಸಮುದ್ರ ಯಾಕೆ ಎಂದಳು, ನನಗೆ ಈಜು ಬರಲ್ಲ ಎಂದಳು, ಕೊನೆಗೆ ಅವರ ಜೊತೆ ಹೆಂಗೆ ಕೂರದು ಎಂದಳು. ಅದೇ ನಿಜವಾದ ಕಾರಣ. ಅಲ್ಲಿ ಎಲ್ಲರೂ ಒಂದೇ ಕಟ್ಟೆಯ ಮೇಲೆ ಕೂರುತ್ತಾರೆ, ಗೌಡ್ತಿಯ ಹಾಗೆ ಮೇಲೆ ನಿಲ್ಲಲು ಹೋದವರನ್ನು ಅಲೆ ಬೀಳಿಸುತ್ತದೆ ಎಂದೆ. ಅವ್ವ ನಕ್ಕಳು. ಗೌಡ್ತಿ ಸಮುದ್ರಕ್ಕೆ ಬಿದ್ದದ್ದನ್ನು ನೆನೆಸಿಕೊಂಡೇ ನಕ್ಕಿರಬೇಕು. ಹೊರಟಳು.

ದೋಣಿ ಹತ್ತಿದ ಕೂಡಲೇ ಅವಳ ಕಣ್ಣು ಸಾಲಾಗಿ ತೂಗುಹಾಕಿದ್ದ ಲೋಟಗಳ ಮೇಲೆ ಬಿತ್ತು. ತಾನೇ ತಂದ ದಾರಗಳು. ಕೆಂಪು ದಾರದ್ದನ್ನು ಅವಳ ಕೈಗೆ ಕೊಟ್ಟೆ. ಅದನ್ನು ತಿರುಗಿಸಿ ನೋಡಿದಳು, ಬುಡವನ್ನೂ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ಇದು ನಮ್ಗೆ ಅಂತ ಇಟ್ಟಿರೋದಾ?"

ಇಲ್ಲವ್ವ, ಎಲ್ಲರ ಲೋಟಕ್ಕೂ ಗುರುತು ಇದೆ, ಒಬ್ಬೊಬ್ಬರಿಗೂ ಬೇರೆ ಬೇರೆ ಎಂದೆ.

"ಅವ್ರಿಗೂ ಬ್ಯಾರೆ ಇಟ್ಟವ್ರಾ?" ಅವ್ವ ಮೇಡಂ ಕಡೆ ಒಮ್ಮೆ ನೋಡಿದಳು. "ಅಯ್ಯೋ ಪಾಪ. ಅವ್ರೇನು ಮಾಡಿದ್ರವ್ವಾ?"

ನಾನು ಜೋರಾಗಿ ನಕ್ಕುಬಿಟ್ಟೆ. ಅವ್ವನೂ ನಕ್ಕಳು. ಆ ಬೆಳಿಗ್ಗೆಯಷ್ಟು ಸಂತೋಷದ ಬೆಳಿಗ್ಗೆ ನನಗೆ ಬಹಳ ಬಂದಿಲ್ಲ. ಆದರೆ ಅವಳು ಲೋಟದಲ್ಲಿ ತುಂಬಿಸಿಕೊಟ್ಟ ನೀರನ್ನು ಕುಡಿಯಲಿಲ್ಲ. ಮುಚ್ಚಳ ಹಾಕಿ ಮಡಿಲ ಹತ್ತಿರ ಇಟ್ಟುಕೊಂಡಳು. ಬಾಯಾರಿಲ್ಲ ಎಂದಳು. ಬಾಯಾರಲಿ ಬಿಡು, ಬಿಸಿಲು ಏರಲಿ, ಆಗ ಶರಬತ್ತು ಕೊಡುತ್ತೇನೆ ಅಂದುಕೊಂಡು ನಾನೂ ಒತ್ತಾಯಿಸಲಿಲ್ಲ.

ಬಿಸಿಲು ಏರಿತು. ದ್ವೀಪ ಇನ್ನೂ ದೂರವಿರುವಾಗ ಗಾಳಿ ನಿಂತಿತು. ಏಪ್ರಿಲ್ ಮೇ ತಿಂಗಳಲ್ಲಿ ಹಾಗಾಗುತ್ತದೆ. ಹಾಯಿ ಒಣಗಲು ಹಾಕಿದ ಪಂಚೆಯಂತೆ ಜೋತುಬಿತ್ತು. ಸಮುದ್ರ ನಮ್ಮೂರ ಕೆರೆಯ ಹಾಗೆ ಸಪಾಟಾಗಿ ಮಲಗಿತು. ಎಂಜಿನ್ ಇತ್ತು, ಸಾಹೇಬರು ಹಾಕಲೇ ಎಂದು ಕೇಳಿದರು, ಆದರೆ ಬಂದವರಿಗೆ ಗಾಳಿಯಲ್ಲೇ ಹೋಗಬೇಕಿತ್ತು, ಕಾಯೋಣ ಎಂದರು. ದೋಣಿ ಅಲುಗಲಿಲ್ಲ. ಇಟ್ಟ ವಸ್ತು ಇಟ್ಟಲ್ಲೇ ಇತ್ತು. ನಾನು ಒಳಗಿನ ಸಣ್ಣ ಅಡುಗೆ ಕಟ್ಟೆಯ ಮೇಲೆ ದೊಡ್ಡ ಜಗ್ಗಿನಲ್ಲಿ ಸೊಗದೆ ಶರಬತ್ತು ಕಲಸಿ, ನಿಂಬೆ ಹಿಂಡಿದೆ. ಅಷ್ಟರಲ್ಲಿ ಮೇಡಂ ಇಳಿದು ಬಂದು, ದಿನಾ ನೀನೇ ಕೊಡುತ್ತೀ, ಇವತ್ತು ನಿಮ್ಮ ತಾಯಿಗೆ ನಾನೇ ಕೊಡುತ್ತೇನೆ ಎಂದು ಜಗ್ಗು ತೆಗೆದುಕೊಂಡು ಹೋದರು. ನನಗೆ ಕಣ್ಣು ತುಂಬಿ ಬಂತು. ಇದಕ್ಕಿಂತ ಹೆಚ್ಚು ಏನು ಬೇಕು? ಕೈ ಒರೆಸಿಕೊಂಡು ಹಿಂದೆಯೇ ಮೆಟ್ಟಿಲು ಹತ್ತಿದೆ.

ಅವ್ವ ಕೂತಿದ್ದಳು, ಮೇಡಂ ಎದುರಿಗೆ ನಿಂತಿದ್ದರು. ಜಗ್ಗು ಹತ್ತಿರ ಬರುತ್ತಿದ್ದ ಹಾಗೆ ಅವ್ವ ಕೆಂಪು ದಾರದ ಲೋಟವನ್ನು ಸೆರಗಿನ ಹಿಂದಕ್ಕೆ ಸರಿಸಿದಳು. ಕಟ್ಟೆಯಿಂದ ಸ್ವಲ್ಪ ಕೆಳಗೆ ಜಾರಿ, ಎರಡೂ ಕೈ ಜೋಡಿಸಿ ಬಾಯಿಗೆ ಹಿಡಿದಳು.

"ಅವ್ವಾ, ಲೋಟ ತಗೋ," ಎಂದೆ.

ಅವ್ವ ಕೈ ಬಿಡದೆ ತಲೆಯಾಡಿಸಿದಳು.

"ಇರಲಿ ಬಿಡು," ಎಂದರು ಮೇಡಂ. "ಅವರಿಗೆ ಹೀಗೇ ರೂಢಿ ಇರಬೇಕು. ಎಷ್ಟು ಚೆಂದ ಕಾಣುತ್ತೆ ನೋಡು."

ಹುಯ್ದರು. ಗಾಳಿಯಿರಲಿಲ್ಲ, ಒಂದು ಹನಿ ಆಚೀಚೆ ಹೋಗಲಿಲ್ಲ. ಬಂದವರಲ್ಲೊಬ್ಬರು ಫೋನ್ ಹೊರತೆಗೆದು, ಅಮ್ಮಾ ಇನ್ನೊಂದು ಸಲ, ಬೆಳಕು ಸರಿಯಾಗಿ ಬರಲಿಲ್ಲ ಎಂದರು. ಅವ್ವ ಇನ್ನೊಂದು ಸಲ ಕೈ ಹಿಡಿದಳು. ಶರಬತ್ತು ಅವಳ ಮೊಣಕೈಗಿಳಿದು ರವಿಕೆ ನೆನೆಯಿತು.

ಮುಂದೆ ಗಾಳಿ ಬಂತು, ದ್ವೀಪ ಬಂತು, ಊಟವಾಯಿತು. ಸಂಜೆ ಲೋಟಗಳನ್ನು ತೊಳೆಯುವಾಗ ಕೆಂಪು ದಾರದ್ದರಲ್ಲಿ ಬೆಳಗಿನ ನೀರು ಹಾಗೇ ಇತ್ತು.

ಮರುದಿನ ಅವ್ವನನ್ನು ಊರಿಗೆ ಬಿಡಲು ಬಸ್ಸಿನಲ್ಲಿ ಹೊರಟೆ. ಹುಬ್ಬಳ್ಳಿ ದಾಟುವವರೆಗೆ ತಡೆದುಕೊಂಡಿದ್ದೆ. ಆಮೇಲೆ ಕೇಳಿದೆ, ಲೋಟ ಕೈಯಲ್ಲೇ ಇತ್ತಲ್ಲ, ಯಾಕವ್ವಾ ಹಾಗೆ ಮಾಡಿದೆ ಎಂದು. ಅವಳಿಗೆ ನಾನು ಏನು ಕೇಳುತ್ತಿದ್ದೇನೆಂದೇ ಅರ್ಥವಾಗಲಿಲ್ಲ. ನಾಳೆ ಆ ಲೋಟದಲ್ಲಿ ಇನ್ನೊಬ್ಬರು ಕುಡಿಯುವುದಲ್ಲವಾ, ಅವರಿಗೆ ಗೊತ್ತಾದರೆ ನಿನ್ನ ಕೆಲಸಕ್ಕೆ ಕುತ್ತಲ್ಲವಾ ಎಂದಳು. ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಹೇಳಿದಳು.

"ಆಯಮ್ಮ ಭಾಳ ಒಳ್ಳೇರು ಕಣವ್ವಾ. ಗೌಡ್ತಿ ಅಷ್ಟೆತ್ತರದಿಂದ ಹುಯ್ತಿದ್ಲು. ಈಯಮ್ಮ ನೋಡು, ಕೈಗೆ ತಾಗಂಗೆ ಹುಯ್ದ್ರು."

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಒಳ್ಳೆಯವರನ್ನು ಅಳೆಯಲು ಅವ್ವನ ಹತ್ತಿರ ಇರುವ ಅಳತೆ ಅದೊಂದೇ. ತಂಬಿಗೆಗೂ ಕೈಗೂ ನಡುವೆ ಎಷ್ಟು ಅಂತರ. ನಾನು ಇಷ್ಟು ಓದಿ, ಸಮುದ್ರದವರೆಗೆ ಹೋಗಿ, ಅವಳಿಗೆ ತೋರಿಸಿದ್ದು ಆ ಅಂತರ ಸ್ವಲ್ಪ ಕಡಿಮೆಯಾಗಿದೆ ಎಂಬುದನ್ನು.

ಊರಿಂದ ವಾಪಸು ಹೋಗುವಷ್ಟರಲ್ಲಿ ಫೋಟೋ ದೋಣಿಯ ಜಾಹೀರಾತಿನಲ್ಲಿ ಬಂದಿತ್ತು. ಹಳ್ಳಿಯ ತಾಯಿ, ಬೇರಿನ ಶರಬತ್ತು, ಬೊಗಸೆ. ನಾನು ಮೇಡಂ ಎದುರು ಕೂತು ಬೊಗಸೆ ಎಂದರೆ ಏನೆಂದು ಹೇಳಿದೆ. ಮುಚ್ಚುಮರೆ ಇಟ್ಟುಕೊಳ್ಳದೆ ಹೇಳಿದೆ. ಅವರು ಅತ್ತರು. ನನಗೆ ಗೊತ್ತೇ ಇರಲಿಲ್ಲ ಎಂದು ನನ್ನ ಕೈ ಹಿಡಿದುಕೊಂಡರು. ಸುಳ್ಳು ಹೇಳಲಿಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಬದುಕಲು ಆಗುತ್ತದೆ ಎಂಬುದೇ ನನ್ನ ಹೊಟ್ಟೆ ಉರಿಸಿದ್ದು. ಜಾಹೀರಾತಿನಿಂದ ಆ ಫೋಟೋ ತೆಗೆದುಹಾಕಿಸಿದರು. ಆದರೆ ಅದನ್ನು ನೋಡಿ ಬಂದವರು ಅದನ್ನೇ ಕೇಳತೊಡಗಿದ್ದರು. ಗಾಳಿ ನಿಂತ ಮಧ್ಯಾಹ್ನಗಳಲ್ಲಿ ಹೆಂಗಸರು ಗಂಡಸರು ಸಾಲಾಗಿ ಕೂತು, ಕೈ ಜೋಡಿಸಿ, ಮೈಮೇಲೆಲ್ಲ ಚೆಲ್ಲಿಕೊಂಡು, ನಕ್ಕು, ಬೊಗಸೆಯಲ್ಲಿ ಶರಬತ್ತು ಕುಡಿಯುತ್ತಿದ್ದರು. ಹುಯ್ಯುತ್ತಿದ್ದವಳು ನಾನು. ಅವರಲ್ಲಿ ಒಬ್ಬರಿಗೂ ಬಗ್ಗಲು ಬರುತ್ತಿರಲಿಲ್ಲ.

ಈ ಸಲ ಬೇಸಿಗೆಗೆ ಏನೇನು ತುಂಬಿಸಬೇಕೆಂದು ಮೇಡಂ ಕೇಳಿದಾಗ ನಿಂಬೆ, ಶುಂಠಿ, ಕೋಕಂ ಎಂದೆ. ಸೊಗದೆ? ಸಿಗುತ್ತಿಲ್ಲ ಎಂದೆ. ಚಳ್ಳಕೆರೆ ಹತ್ತಿರದ ದೊಡ್ಡಉಳ್ಳಾರ್ತಿಯಲ್ಲಿ ದನ ಕುರಿ ಮೇಯುವ ಕಾವಲಿಗೆ ಬೇಲಿ ಬಿದ್ದ ಸುದ್ದಿಯನ್ನು ಅವರೂ ಎಲ್ಲೋ ಓದಿದ್ದರು, ಗುಡ್ಡಕ್ಕೂ ಹಾಗೇ ಆಗಿರಬೇಕೆಂದು ನಂಬಿದರು. ಲೋಟ ಉಳಿಯಿತು, ಬೊಗಸೆ ನಿಂತಿತು. ಕೈ ಜೋಡಿಸಲು ಬಂದವರಿಗೆ, ಕೋಕಂ ಕಲೆ ಬಟ್ಟೆಯಿಂದ ಹೋಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಅವ್ವನಿಗೆ ಹೇಳುವುದು ಉಳಿದಿತ್ತು. ಫೋನ್ ಮಾಡಿದಾಗ ಅವಳು ಆಗಲೇ ಗುಡ್ಡಕ್ಕೆ ಹೋಗಿ ಬಂದು, ಬೇರು ಜಜ್ಜಿ ಮೊರದಲ್ಲಿ ಹರಡಿದ್ದಳು. ಈ ವರ್ಷ ಬೇರು ದಪ್ಪ ಬಿಟ್ಟಿದೆ ಎಂದಳು. ಈ ಸಲ ಬೇಡವಂತೆ ಕಣವ್ವಾ, ಮನೆಗೇ ಇಟ್ಟುಕೋ ಎಂದೆ. ಮೊರ ಕೊಡವಿದ ಸದ್ದು ಕೇಳಿಸಿತು.

"ಆಯಮ್ಮ ನನ್ನ ಕೇಳಿದ್ರಾ?" ಎಂದಳು.

"ಕೇಳಿದ್ರು," ಎಂದೆ.

ಕೇಳಿದ್ದು ನಿಜ. ಈ ಬೇಸಿಗೆಯೂ ನಿಮ್ಮ ತಾಯಿಯನ್ನು ಕರೆದುಕೊಂಡು ಬಾ, ಬಂದವರಿಗೆಲ್ಲ ಅವರೆಂದರೆ ತುಂಬ ಇಷ್ಟ ಎಂದಿದ್ದರು. ಅಷ್ಟನ್ನು ಅವ್ವನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಹೊರಟು ಬರುತ್ತಿದ್ದಳು.