ಹಿಂದಿನ ಸೀಟಿಲ್ಲದ ಕಾರು

ಹೋದ ವಾರ ಹೊಸದುರ್ಗದ ನಮ್ಮ ಬೀದಿಯಲ್ಲಿ, ಎದುರು ಮನೆಯ ಗೇಟಿನ ಹೊರಗೆ, ಕಾರಿನ ಹಿಂದಿನ ಸೀಟೊಂದು ಬಿಸಿಲಲ್ಲಿ ಬಿದ್ದಿತ್ತು. ಆ ಮನೆಗೆ ಹೊಸಬರು ಬರುತ್ತಾರಂತೆ, ಹಳೆಯ ಸಾಮಾನನ್ನೆಲ್ಲ ಗುಜರಿಗೆ ಹಾಕುತ್ತಿದ್ದರು. ಕಾದ ರೆಕ್ಸಿನ್ನಿನ ವಾಸನೆ ರಸ್ತೆ ದಾಟಿ ನನ್ನ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಹರಿದ ಸೀಟು. ನನಗೆ ಹಾಗಲ್ಲ. ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಹಾಗೇ ಕುಳಿತುಬಿಟ್ಟೆ...

ಆ ಮನೆಯಲ್ಲಿದ್ದವರು ಡ್ರಾಯಿಂಗ್ ಮೇಷ್ಟ್ರು. ಹೊಳಲ್ಕೆರೆ ಕಡೆಯ ಒಂದು ಶಾಲೆಯಲ್ಲಿ ಅವರು ಚಿತ್ರ ಕಲಿಸುತ್ತಿದ್ದರು, ಅದೇ ಶಾಲೆಯ ಆಫೀಸಿನಲ್ಲಿ ನಾನು ಕ್ಲರ್ಕು. ದಿನಾ ಬೆಳಗ್ಗೆ ಅವರ ಚಿಕ್ಕ ಬಿಳಿ ಕಾರಿನಲ್ಲಿ ಇಬ್ಬರೂ ಹೋಗುತ್ತಿದ್ದೆವು. ಮೂರನೆಯವರಿಗೆ ಜಾಗವಿರಲಿಲ್ಲ. ಹಿಂದಿನ ಸೀಟನ್ನು ಮೇಷ್ಟ್ರು ಬಿಚ್ಚಿ ಮನೆಯ ಜಗಲಿಗೆ ಹಾಕಿಕೊಂಡಿದ್ದರು. ಭಾರ ಇಳಿದರೆ ಕಾರು ಪೆಟ್ರೋಲು ಕಡಿಮೆ ಕುಡಿಯುತ್ತದೆ ಎನ್ನುವುದು ಅವರ ಲೆಕ್ಕ. ಮನೆಗೆ ಬಂದವರೆಲ್ಲ ಆ ಸೀಟಿನ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದರು. "ಮೇಷ್ಟ್ರೇ, ನಿಮ್ಮ ಮನೆ ಎಷ್ಟೊತ್ತಿಗೆ ಹೊರಡುತ್ತೆ?" ಎಂದು ನಾನು ರೇಗಿಸಿದರೆ, "ಡ್ರೈವರ್ ಬರ್ಲಿ ತಡಿ ತಂಗಿ" ಎನ್ನುತ್ತಿದ್ದರು.

ಸೀಟಿಗೇ ನಿಲ್ಲಲಿಲ್ಲ ಅವರ ಚಟ. ಸ್ಟೆಪ್ನಿ ಇಳಿಯಿತು, ಮೇಲಿನ ಕ್ಯಾರಿಯರ್ ಹೋಯಿತು, ಎಸಿಯ ಬೆಲ್ಟು ಕಳಚಿತು. ಮುಂದಿನ ಜಾಲರಿಯ ಅರ್ಧಕ್ಕೆ ರಟ್ಟು ಕಟ್ಟಿ ಗಾಳಿ ತಡೆದರು. ಚಕ್ರಗಳಿಗೆ ಗಾಳಿಯನ್ನು ಎಷ್ಟು ಗಟ್ಟಿಯಾಗಿ ತುಂಬಿಸುತ್ತಿದ್ದರೆಂದರೆ, ಸಣ್ಣ ಕಲ್ಲು ಸಿಕ್ಕಿದರೂ ನನ್ನ ಸೊಂಟ ಲಟಕ್ಕೆನ್ನುತ್ತಿತ್ತು. ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಓಡಿಸುತ್ತಿದ್ದರು. ಆಕ್ಸಿಲರೇಟರನ್ನು ಮಲಗಿದ ಮಗುವಿನ ಬೆನ್ನು ತಟ್ಟಿದ ಹಾಗೆ ಒತ್ತಬೇಕಂತೆ. ದೂರದಲ್ಲಿ ರಸ್ತೆ ಉಬ್ಬು ಕಂಡರೆ ಸಾಕು, ಆಗಿನಿಂದಲೇ ಕಾಲು ಎತ್ತಿಬಿಡುವರು. "ಬ್ರೇಕ್ ಒತ್ತಿದ್ರೆ ಅಷ್ಟು ಪೆಟ್ರೋಲ್‌ನ ರಸ್ತೆಗೆ ಚೆಲ್ದಂಗೆ ಕಣ್ ತಂಗಿ" ಎನ್ನುತ್ತಿದ್ದರು. ಎತ್ತಿನ ಗಾಡಿಯವರೂ ಸೈಡು ಕೇಳಿಕೊಂಡು ನಮ್ಮನ್ನು ದಾಟಿ ಹೋಗುತ್ತಾರೆ ಎಂದು ನಾನು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಬೀದಿಯವರು ಅವರನ್ನು ಜಿಪುಣ ಎನ್ನುತ್ತಿದ್ದರು. ಶುದ್ಧ ಸುಳ್ಳು. ಸಂಜೆ ವಾಪಸು ಬರುವಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಅವರದೇ ಖರ್ಚು, ನನಗೆ ಪರ್ಸು ತೆಗೆಯಲು ಬಿಟ್ಟವರಲ್ಲ. ಕೆಲವರಿಗೆ ಇಸ್ಪೀಟು, ಕೆಲವರಿಗೆ ಎಲೆ ಅಡಿಕೆ, ಇವರಿಗೆ ಮೈಲೇಜು. ಅಷ್ಟೇ.

ಎಲ್ಲಕ್ಕಿಂತ ಅವರಿಗೆ ಪ್ರೀತಿಯಾದದ್ದು ದಾರಿಯಲ್ಲಿನ ಒಂದು ಇಳಿಜಾರು. ಕರೆಂಟು ತೆಗೆಯುವ ಗಾಳಿ ಫ್ಯಾನುಗಳಿರುವ ಗುಡ್ಡದ ನೆತ್ತಿಗೆ ಬಂದೊಡನೆ ಎಂಜಿನ್ ಆಫ್ ಮಾಡುತ್ತಿದ್ದರು. ಅಲ್ಲಿಂದ ಕೆಳಗಿನ ಹಳ್ಳದ ಸೇತುವೆಯವರೆಗೆ ಕಾರು ತಾನಾಗಿಯೇ ಜಾರುತ್ತಿತ್ತು. ಸೇತುವೆ ಬಂದಾಗ ಇಷ್ಟು ಉಳಿಯಿತು ಎಂದು ಹೆಮ್ಮೆಯಿಂದ ಹೇಳುವರು. ಸದ್ದಿಲ್ಲ, ಗದ್ದಲವಿಲ್ಲ... ನನಗೂ ಹಿತವೆನಿಸುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ದಿನ ಎದುರುಗಾಳಿ ಜೋರಾಗಿತ್ತು. ಎಂದಿನಂತೆ ಎಂಜಿನ್ ಆರಿಸಿ ಅರ್ಧ ಇಳಿದಿದ್ದೆವು. ತಿರುವಿನಲ್ಲಿ ಮೇಷ್ಟ್ರು ಎರಡು ಸಲ ಬ್ರೇಕ್ ಮುಟ್ಟಿದರು. ತಿರುವು ದಾಟಿದರೆ ರಸ್ತೆ ತುಂಬ ಕುರಿ. ಎಲ್ಲಕ್ಕಿಂತ ಹಿಂದೆ, ಕಂಬಳಿ ಹೊದ್ದ ಒಬ್ಬ ಅಜ್ಜ, ನಮಗೆ ಬೆನ್ನು ಹಾಕಿ ನಡೆಯುತ್ತಿದ್ದ. ಮೇಷ್ಟ್ರು ಮತ್ತೆ ಬ್ರೇಕ್ ಒತ್ತಿದರು. ಎಂಜಿನ್ ಆರಿದ ಕಾರಿನ ಬ್ರೇಕಿಗೆ ಎರಡು ಮೂರು ಒತ್ತಿನಷ್ಟೇ ಬಲ ಉಳಿದಿರುತ್ತದೆ, ಆಮೇಲೆ ಪೆಡಲು ಕಲ್ಲಾಗುತ್ತದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅವರ ಬರಿಗಾಲು ಆ ಕಲ್ಲನ್ನು ಒತ್ತಿತು, ಒತ್ತಿತು. ಕಾರು ನಿಲ್ಲಲಿಲ್ಲ. ಹಾರ್ನ್ ಹೊಡೆದರು. ಅಜ್ಜ ತಿರುಗಿ ನಮ್ಮನ್ನು ನೋಡಿದ. ಆ ಮುಖದಲ್ಲಿ ಹೆದರಿಕೆಯೂ ಇರಲಿಲ್ಲ, ಇದು ಎಲ್ಲಿಂದ ಬಂತು ಎನ್ನುವ ಆಶ್ಚರ್ಯವಿತ್ತು. ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿರುವುದು ಆ ಆಶ್ಚರ್ಯ...

ಕುರಿಗಳ ಮುಂದೆ ನಡೆಯುತ್ತಿದ್ದ ಅವನ ಹೆಂಡತಿ ಓಡಿ ಬಂದಳು. ಅಜ್ಜನ ತಲೆಗೆ ಪೆಟ್ಟು ಬಿದ್ದಿತ್ತು, ಉಸಿರಿತ್ತು. ಮೂವರೂ ಸೇರಿ ಎತ್ತಿದೆವು. ಕಾರಿನ ಹಿಂದಿನ ಬಾಗಿಲು ತೆಗೆದಾಗಲೇ ನನಗೆ ನೆನಪಾಯಿತು. ಸೀಟೇ ಇಲ್ಲ. ಬರೀ ತಗಡು, ಸೀಟು ಬಿಚ್ಚಿದ ಕಡೆ ಮೇಲೆದ್ದು ನಿಂತ ಬೋಲ್ಟುಗಳು. ಅಜ್ಜಿ ಒಂದು ಗಳಿಗೆ ಆ ತಗಡನ್ನು ನೋಡಿದಳು. ತನ್ನ ಕಂಬಳಿ ಮಡಿಸಿ ಹಾಸಿದಳು.

"ನೀವೂ ಬರ್ರಿ ಅಜ್ಜಿ" ಎಂದೆ.

"ಕುರಿ ರಸ್ತೆ ಮ್ಯಾಲೆ ಅವೆ, ಹೆಂಗ್ ಬಿಟ್ ಬರ್ಲವ್ವ. ನೀವ್ ಹೋಗ್ರಿ, ಹಟ್ಟಿಗೆ ಹೊಡ್ದು ಬರ್ತೀನಿ" ಎಂದಳು. ತನ್ನ ಗಂಡನಿಗೆ ಗುದ್ದಿದವರ ಕೈಗೇ ಗಂಡನನ್ನು ಕೊಟ್ಟು ಆಕೆ ಕುರಿಗಳ ಹತ್ತಿರ ತಿರುಗಿ ಹೋದಳು. ನಾನು ತಗಡಿನ ಮೇಲೆ ಕುಳಿತು ಅಜ್ಜನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಮೇಷ್ಟ್ರು ಎಂಜಿನ್ ಶುರು ಮಾಡಿ ಕಾಲು ಒತ್ತಿದರು. ಆ ಕಾರು ಅಷ್ಟು ಸದ್ದು ಮಾಡಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ. ಗಟ್ಟಿ ಗಾಳಿಯ ಚಕ್ರ ಒಂದೊಂದು ಕುಣಿ ಹಾರಿದಾಗಲೂ ಅಜ್ಜನ ತಲೆ ನನ್ನ ಕೈಯಲ್ಲಿ ಎಗರಿ ಬೀಳುತ್ತಿತ್ತು.

ಹೊಳಲ್ಕೆರೆಯ ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಅಜ್ಜ ಹೋಗಿಬಿಟ್ಟ.

ಅಷ್ಟರಲ್ಲಿ ಶಾಲೆಯ ಹೆಡ್‌ಮಾಸ್ತರರು ಬಂದಿದ್ದರು. ಮೇಷ್ಟ್ರ ಕಿವಿಯಲ್ಲಿ, "ಬ್ರೇಕ್ ಫೇಲ್ ಆಯ್ತು ಅಂದ್ಬಿಡ್ರಿ. ಯಾರ್ ತಪ್ಪೂ ಇರಲ್ಲ" ಎಂದರು. ನನಗೂ ಅದೇ ಸರಿ ಎನಿಸಿತು. ಹಟ್ಟಿಗೆ ಕುರಿ ಸೇರಿಸಿ ಬಂದಿದ್ದ ಅಜ್ಜಿ ಬೆಂಚಿನ ಮೇಲೆ ಕುಳಿತಿದ್ದಳು. ಯಾರೋ ಅವಳ ಕೈಗೆ ಚಹಾದ ಲೋಟ ಕೊಟ್ಟಿದ್ದರು. ಅತ್ತು ಮುಗಿದ ಮೇಲೆ ಅವಳು ಮೇಷ್ಟ್ರ ಕಡೆ ತಿರುಗಿದಳು.

"ಒಂದ್ ಮಾತು ಕೇಳ್ತೀನಿ ಸ್ವಾಮಿ. ನಮ್ ಯಜಮಾನ್ರ ಕಿವಿ ಚೆನ್ನಾಗಿದ್ವು. ಬಸ್ಸು ದಿಬ್ಬದ ಮ್ಯಾಲೆ ಇದ್ದಂಗೇ ಕುರಿ ಪಕ್ಕಕ್ಕೆ ಹೊಡೀತಿದ್ರು. ನಿಮ್ ಗಾಡಿ ಯಾಕೆ ಸದ್ದು ಮಾಡ್ಲಿಲ್ಲ?"

ಹೆಡ್‌ಮಾಸ್ತರರು ಕೆಮ್ಮಿದರು. ಮೇಷ್ಟ್ರು ಎದ್ದು ನಿಂತರು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಬೆಳಗ್ಗೆಯಿಂದ ಹಾಗೇ ಇದ್ದರು.

"ಎಂಜಿನ್ ಆಫ್ ಮಾಡಿದ್ದೆ ಕಣಮ್ಮ. ಪೆಟ್ರೋಲ್ ಉಳೀಲಿ ಅಂತ."

ಇನ್ನು ಈಕೆ ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದುಕೊಂಡೆ. ಹಾಕಲಿಲ್ಲ. ಮೆಲ್ಲಗೆ ಕೇಳಿದಳು: "ಎಷ್ಟು ಉಳೀತು?"

ಅದರಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜವಾಗಿಯೂ ಅದು ತಿಳಿಯಬೇಕಿತ್ತು. ಮೇಷ್ಟ್ರಿಗೆ ಆ ಲೆಕ್ಕ ಬಾಯಿಪಾಠ.

"ಅರ್ಧ ಲೋಟ" ಎಂದರು.

ಅಜ್ಜಿ ತನ್ನ ಕೈಯಲ್ಲಿದ್ದ ಲೋಟವನ್ನು ನೋಡಿದಳು. ಬಗ್ಗಿ ಅದನ್ನು ನೆಲದ ಮೇಲಿಟ್ಟಳು.

ಪೊಲೀಸರ ಮುಂದೆ, ಕೋರ್ಟಿನಲ್ಲಿ, ಎಲ್ಲ ಕಡೆ ಮೇಷ್ಟ್ರು ಅದನ್ನೇ ಹೇಳಿದರು. ಶಿಕ್ಷೆ ಆಯಿತು, ಕೆಲಸವೂ ಹೋಯಿತು. ಜೈಲಿನಿಂದ ತಿರುಗಿ ಬಂದ ಮೇಲೆ ಅವರು ಕಾರು ಮುಟ್ಟಲಿಲ್ಲ. ಸೀಟು ಜಗಲಿಯಲ್ಲೇ ಇತ್ತು, ಅವರು ಮಾತ್ರ ಅದರ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಿದ್ದರು. ನಾನು ಹೋದರೆ "ಕುಂತ್ಕ ತಂಗಿ" ಎನ್ನುವರು. ರೇಗಿಸಲು ನನಗೆ ಬಾಯಿ ಬರುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಎಷ್ಟು ಒಳ್ಳೆಯ ಮನುಷ್ಯ. ಹುಚ್ಚಾಪಟ್ಟೆ ಓಡಿಸಿ ಗುದ್ದಿದವನಾಗಿದ್ದರೆ ನಾಲ್ಕು ಬೈದು ಹಗುರಾಗುತ್ತಿದ್ದೆ. ಊರಿಗೆಲ್ಲ ಅತಿ ನಿಧಾನವಾಗಿ ಓಡಿಸುತ್ತಿದ್ದವರು ಇವರೇ ಅಲ್ಲವೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಅರ್ಧ ಲೋಟಕ್ಕೆ ಹೋದದ್ದು ಜೀವ. ಎಷ್ಟು ವರ್ಷವಾದರೂ ನನಗೆ ಇದು ನಂಬಲಾಗುತ್ತಿಲ್ಲ.

ಕಟ್ಟೆಯ ಮೇಲೆ ಕುಳಿತು ನಾನು ನೋಡುತ್ತಿದ್ದ ಹಾಗೇ ಗುಜರಿಯವನು ಬಂದ. ಆ ಸೀಟನ್ನು ಒಬ್ಬನೇ ಎತ್ತಿ ಗಾಡಿಗೆ ಎಸೆದ. "ಏನೂ ಭಾರ ಇಲ್ಲ ಬಿಡಕ್ಕ, ಬರೀ ಸ್ಪಂಜು" ಎಂದ.

ಮರುದಿನ ಶಾಲೆಯ ಹೊಸ ಸೈನ್ಸ್ ಮೇಷ್ಟ್ರು ನನ್ನನ್ನು ತಮ್ಮ ಕಾರಿನಲ್ಲಿ ಕರೆದುಕೊಂಡು ಹೊರಟರು. ಚುರುಕು ಹುಡುಗ. ಫ್ಯಾನುಗಳ ಗುಡ್ಡದ ನೆತ್ತಿಗೆ ಬಂದಾಗ ಕೀ ತಿರುಗಿಸಿ ಎಂಜಿನ್ ಆರಿಸಿದರು. "ಇಲ್ಲಿಂದ ಫ್ರೀ ಮೇಡಂ, ಪೆಟ್ರೋಲ್ ಉಳೀತೈತೆ" ಎಂದು ನಕ್ಕರು.

"ಎಷ್ಟು ಉಳೀತೈತಪ್ಪ?" ಎಂದೆ.

ನನ್ನ ದನಿಯಲ್ಲಿ ಅದೇನಿತ್ತೋ, ಅವರು ನನ್ನ ಮುಖ ನೋಡಿ ಎಂಜಿನ್ ಶುರು ಮಾಡಿದರು. ತಿರುವಿನಾಚೆ ಕುರಿ ಇರಲಿಲ್ಲ, ಯಾರೂ ಇರಲಿಲ್ಲ. ಆದರೂ ಕೆಳಗಿನ ಸೇತುವೆ ಬರುವ ತನಕ ಅವರ ಕೈಯಲ್ಲಿ ಹಾರ್ನ್ ಹೊಡೆಸುತ್ತಲೇ ಇದ್ದೆ.